ಹಳೆಯ ಟೆಂಪೋಗೆ ಯಾವ ಎಂಜಿನ್?

ಕವಿತೆ, ಹರಟೆಗಳ ನಡುವೆ ಈ ಎಂಜಿನ್ನಿನ ವಿಷಯ ಯಾಕಪ್ಪಾ ಅಂತ ಕೆಲವು ಮಿತ್ರರು ಮೂಗು ಮುರಿಯಬಹುದು. ಆದರೆ ಜೋಗೇಶ್ವರಿಯ ಎಸ್.ವಿ. ರೋಡಿನ ಫರ್ನಿಚರ್ ಅಂಗಡಿಗಳಿಂದ ಕಪಾಟು, ಮಂಚ ಹೊತ್ತು ಅಂಧೇರಿ, ಗೋರೆಗಾಂವ್ ಕಡೆ ಓಡುವ ಹಳೆಯ ಟೆಂಪೋಗಳಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ನಮ್ಮ ಮಾವನವರದೂ ಅಂಥದೊಂದು ಟಾಟಾ 407. ಈಗ ಅದರ ಎಳೆತ ಕಡಿಮೆಯಾಗಿದೆ. ಟರ್ಬೋ ಎಂಜಿನ್ ಕೂರಿಸುವುದೋ, ಇದ್ದದ್ದನ್ನೇ ರಿಪೇರಿ ಮಾಡಿಸುವುದೋ? ಸಾಲದ ಮಾತು ಬಂದದ್ದರಿಂದ ಲೆಕ್ಕ ಹಾಕುವ ಕೆಲಸ ಕಾಮರ್ಸ್ ಓದುವ ನನ್ನ ಪಾಲಿಗೆ ಬಂತು.

407 ಬಂದದ್ದು 1986ರಲ್ಲಿ. ಅದರ ಹಳೆಯ ಡೀಸೆಲ್ ಎಂಜಿನ್ನಿನ ಹೆಸರು 497. ಅಂದರೆ 4 ಸಿಲಿಂಡರ್, ಒಂದೊಂದರ ಅಡ್ಡಳತೆ 97 ಮಿಲಿಮೀಟರ್. ಇದು ಟರ್ಬೋ ಇಲ್ಲದ್ದು, ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೋ ಇದ್ದರೆ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ ಒಳಕ್ಕೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ. ಆದರೆ ಸಿಗ್ನಲಿನಿಂದ ಸಿಗ್ನಲಿಗೆ ಒಂದು, ಎರಡನೇ ಗೇರಿನಲ್ಲಿ ತೆವಳುವಾಗ ಹೊಗೆಗೆ ಆ ರಭಸ ಎಲ್ಲಿಂದ ಬರಬೇಕು? ಟರ್ಬೋದ ಸುಖ ಹೈವೇಯಲ್ಲಿ. ಮೇಲಾಗಿ ಹಳೆಯ ಪಿಸ್ಟನ್, ಗ್ಯಾಸ್ಕೆಟ್, ರೇಡಿಯೇಟರುಗಳು ಆ ಒತ್ತಡ, ಶಾಖಕ್ಕೆಂದು ಮಾಡಿದವಲ್ಲ.

'ಸಿ.ಎನ್.ಜಿ. ಮಾಡಿಸಿಬಿಡಿ' ಅನ್ನುವವರೂ ಇದ್ದಾರೆ. ಪೆಟ್ರೋಲ್ ಗಾಡಿಗೆ ಅದು ಸುಲಭ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೂರ್ತಿ ಗ್ಯಾಸಿನ ಮೇಲೆ ಓಡಿಸಬೇಕಾದರೆ ಪ್ಲಗ್ ಕೂರಿಸಬೇಕು, ಪಿಸ್ಟನ್ ಬದಲಿಸಿ ಒತ್ತಡ ಇಳಿಸಬೇಕು. ಅಂದರೆ ಅರ್ಧ ಎಂಜಿನ್ ಹೊಸದಾಗಿ ಕಟ್ಟಿದ ಹಾಗೆ.

ಖರ್ಚಿಗೆ ಮೊದಲು ಹೊಗೆ ನೋಡಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು ಎಂದರ್ಥ. ಏರ್ ಫಿಲ್ಟರ್, ನಾಜಲ್, ಪಂಪು ನೋಡಿಸಬೇಕು. (ಈ ಪಂಪು, ನಾಜಲ್‌ಗಳಿಂದಲೇ ಹೆಸರಾದ ಮೈಕೋ ಕಂಪನಿ 1951ರಲ್ಲಿ ಶುರುವಾಯಿತು, ನಮ್ಮ ಬೆಂಗಳೂರಿನ ಆಡುಗೋಡಿಯದು, 2008ರಲ್ಲಿ ಅದರ ಹೆಸರು ಬಾಷ್ ಆಯಿತು.) ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗ್, ಲೈನರ್ ಸವೆದಿರಬಹುದು. ಕಂಪ್ರೆಷನ್ ಅಳೆಸಿದರೆ ಇದು ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಬೇರೆ ಎಂಜಿನ್ ಕೂರಿಸಿದರೆ ಆರ್.ಟಿ.ಓ. ಒಪ್ಪಿಗೆ ಬೇಕು, ಹೊಸ ನಂಬರು ಆರ್.ಸಿ. ಪುಸ್ತಕಕ್ಕೆ ಏರಬೇಕು. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷವೂ ಫಿಟ್‌ನೆಸ್ ಪರೀಕ್ಷೆ. ಎಂಜಿನ್ ಬದಲಿಸಿದರೂ ಗಾಡಿಯ ವಯಸ್ಸು ಇಳಿಯುವುದಿಲ್ಲ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟದ್ದು ಎಂಜಿನ್ ಕೆಟ್ಟಿತೆಂದಲ್ಲ, 20 ವರ್ಷದ ಮಿತಿ ತುಂಬಿತೆಂದು. ಎಂಜಿನ್ ಬಲವಾಯಿತೆಂದು ಹೇರಬಹುದಾದ ಭಾರವೂ ಏರದು, ಆರ್.ಸಿ.ಯಲ್ಲಿ ಬರೆದದ್ದೇ ಮಿತಿ.

ಕಡೆಗೆ ನಮ್ಮ ಶಾಸ್ತ್ರ. ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 25 ದಿನ ಓಟ, ಅಂದರೆ 1,500 ಕಿ.ಮೀ. ಎಂದು ಹಿಡಿಯಿರಿ. ಲೀಟರಿಗೆ 7 ಕಿ.ಮೀ. ಕೊಡುವ ಗಾಡಿ ರಿಪೇರಿಯಾದ ಮೇಲೆ 8 ಕೊಟ್ಟರೆ ತಿಂಗಳಿಗೆ ಸುಮಾರು 27 ಲೀಟರ್ ಉಳಿತಾಯ. ಲೀಟರಿಗೆ 90 ರೂಪಾಯಿಯಂತೆ 2,400 ರೂಪಾಯಿ ಚಿಲ್ಲರೆ. ರಿಪೇರಿಗೆ 60,000 ಹಾಕಿದರೆ 25 ತಿಂಗಳಲ್ಲಿ ಹಣ ವಾಪಸು. ಅಷ್ಟೇ ಉಳಿತಾಯಕ್ಕೆ ಟರ್ಬೋ ಎಂಜಿನ್ನಿಗೆಂದು 2 ಲಕ್ಷ ಹಾಕಿದರೆ ಸುಮಾರು 7 ವರ್ಷ, ಬಡ್ಡಿ ಬೇರೆ! ಈ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಗಾಡಿಯವನ್ನು ನೀವು ಹಾಕಿಕೊಳ್ಳಿ. ಗಾಡಿಗೆ ಉಳಿದ ಆಯುಷ್ಯಕ್ಕಿಂತ ಹಣ ತಿರುಗಿ ಬರುವ ಅವಧಿ ಉದ್ದವಾದರೆ ಆ ಎಂಜಿನ್ ಎಷ್ಟೇ ಒಳ್ಳೆಯದಿದ್ದರೂ ನಮಗೆ ಬೇಡ.

ಮಾವ ಮೊದಲು ನಾಜಲ್, ಪಂಪು ಬಿಚ್ಚಿಸುತ್ತಾರಂತೆ. ಕಂಪ್ರೆಷನ್ ಇಲ್ಲವೆಂದು ಗೊತ್ತಾದರೆ ಮಾತ್ರ ಎಂಜಿನ್ನಿಗೆ ಕೈ. ಟರ್ಬೋ ಸಾಲದ ಕಂತಿಗೆ ಹೋಗಬೇಕಿದ್ದ ದುಡ್ಡು ಮಗಳ ಕಾಲೇಜು ಫೀಸಿಗೆ ಉಳಿಯಿತು ಅಂತ ಅತ್ತೆಗೆ ಸಮಾಧಾನ.