ಲಕ್ವ ಹೊಡೆದ ಮೇಲೂ ಸಾಯುತ್ತಲೇ ಇರುವ ನರತಂತುಗಳು

ಲಕ್ವ ಹೊಡೆದವರ ಜೀವ ಉಳಿಯಿತೆಂದು ಗೊತ್ತಾದ ಕೂಡಲೇ ಮನೆಯವರು ಗಂಡಾಂತರ ಕಳೆಯಿತು ಅಂದುಕೊಳ್ಳುತ್ತಾರೆ. ರಕ್ತ ನಿಂತುಹೋದ ಜಾಗದಲ್ಲಿ ಹೆಚ್ಚಿನ ಹಾನಿ ಮೊದಲ ಗಂಟೆಗಳಲ್ಲಿ, ದಿನಗಳಲ್ಲಿ ಆಗಿಹೋಗುತ್ತದೆ ನಿಜ. ಆದರೆ ಅಲ್ಲಿಂದ ಹೊರಟು ಬೆನ್ನುಹುರಿಗೆ ಇಳಿಯುವ ನರತಂತುಗಳ ನಾಶ ಆಗಷ್ಟೇ ಶುರುವಾಗಿರುತ್ತದೆ.

1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶದಿಂದ ಬೇರ್ಪಟ್ಟ ತುದಿಯ ಭಾಗ ಚೂರುಚೂರಾಗಿ ಒಡೆದಿತ್ತು. ಇದಕ್ಕೆ ಇಂದಿಗೂ ಅವರದೇ ಹೆಸರು: ವಾಲೇರಿಯನ್ ಡಿಜೆನರೇಷನ್. ಕೈಕಾಲು ಆಡಿಸುವ ತಂತುಗಳು ಮಿದುಳಿನ ಹೊರಪದರದಿಂದ ಇಳಿದು ಇಂಟರ್ನಲ್ ಕ್ಯಾಪ್ಸೂಲ್, ನಡುಮಿದುಳು, ಪಾನ್ಸ್, ಮೆಡುಲ್ಲಾ ದಾಟಿ ಬೆನ್ನುಹುರಿ ಸೇರುತ್ತವೆ. ಮೇಲೆ ಎಲ್ಲಿ ಪೆಟ್ಟು ಬಿದ್ದರೂ ಹಾನಿಗೊಂಡ ತಂತುಗಳು ಅದರ ಕೆಳಗೆ ಉದ್ದಕ್ಕೂ ಸಾಯುತ್ತವೆ, ಅಲ್ಲಿ ರಕ್ತಸಂಚಾರ ಚೆನ್ನಾಗಿದ್ದರೂ ಕೂಡ. ಕೈಯ ನರ ತುಂಡಾದರೆ ಒಡೆದ ಚೂರುಗಳು ಬೇಗ ತೆರವಾಗಿ ಹೊಸ ತಂತು ಬೆಳೆಯಬಲ್ಲದು. ಮಿದುಳಿನಲ್ಲಿ ಆ ಭಾಗ್ಯವಿಲ್ಲ. ತಂತುವಿನ ಮೇಲ್ಹೊದಿಕೆಯಾದ ಮಯಲಿನ್‌ನ ಚೂರುಗಳು ತಿಂಗಳುಗಟ್ಟಲೆ ಅಲ್ಲೇ ಉಳಿದು ಮರುಬೆಳವಣಿಗೆಗೆ ಅಡ್ಡಿಯಾಗುತ್ತವೆ.

ಸಾಮಾನ್ಯ ಎಂ.ಆರ್.ಐ.ಯಲ್ಲಿ ಮೊದಲ ನಾಲ್ಕು ವಾರ ಈ ದಾರಿ ಸರಿಯಾಗಿಯೇ ಇರುವಂತೆ ಕಾಣುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ತಂತುಗಳು ಒಡೆಯುತ್ತಿರುವುದು ಆಗಲೇ. ಸುಮಾರು 4ರಿಂದ 14 ವಾರಗಳ ನಡುವೆ ಮಯಲಿನ್‌ನ ಪ್ರೋಟೀನ್ ಕರಗಿ ಕೊಬ್ಬು ಉಳಿದಾಗ, ಟಿ-2 ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಆ ದಾರಿ ಕಪ್ಪಾಗಬಹುದು. ಕೊಬ್ಬೂ ಕರಗಿ ನೀರಿನಂಶ ಹೆಚ್ಚಿದ ಮೇಲೆ ಅದೇ ಜಾಗ ಬೆಳ್ಳಗೆ ಹೊಳೆಯುತ್ತದೆ. ತಿಂಗಳುಗಳು, ವರ್ಷಗಳು ಕಳೆದಂತೆ ನಡುಮಿದುಳಿನ ಒಂದು ಬದಿ ಸೊರಗಿ ಸಣ್ಣದಾಗುತ್ತದೆ.

ಡಿಫ್ಯೂಷನ್ ಎಂಬ ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಮಾತ್ರ ಕೆಲವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಕೆಲವೇ ದಿನಗಳಲ್ಲಿ ಆ ದಾರಿ ಬೆಳಗುತ್ತದೆ. ಅದನ್ನು ಹೊಸ ಸ್ಟ್ರೋಕ್ ಎಂದು ತಪ್ಪಾಗಿ ಓದುವ ಅಪಾಯವಿದೆ. ಬಿಳುಪು ನರದ ದಾರಿಯನ್ನೇ ಹಿಡಿದು ಇಳಿದಿದೆಯೇ, ಒಂದು ರಕ್ತನಾಳದ ವ್ಯಾಪ್ತಿಯಲ್ಲಿದೆಯೇ ಎಂದು ನೋಡಿದರೆ ವ್ಯತ್ಯಾಸ ಸಾಮಾನ್ಯವಾಗಿ ತಿಳಿಯುತ್ತದೆ. ಇದರದೇ ಒಂದು ಬಗೆಯಾದ ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್ ಇನ್ನೂ ಸೂಕ್ಷ್ಮ. ತಂತುಗಳ ಉದ್ದಕ್ಕೂ ನೀರಿನ ಕಣಗಳು ಒಂದೇ ದಿಕ್ಕಿಗೆ ಹರಿಯುವ ಗುಣ ಮೊದಲ ಎರಡು ವಾರದಲ್ಲೇ ಕುಸಿಯುವುದನ್ನು ಅದು ಅಳೆಯುತ್ತದೆ. ಈ ಕುಸಿತ ಹೆಚ್ಚಿದ್ದವರಲ್ಲಿ ಕೈಯ ಚೇತರಿಕೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ಈ ನಾಶವನ್ನು ತಡೆಯುವ, ರೋಗಿಗಳಿಗೆ ಕೊಡಬಹುದಾದ ಔಷಧ ಇನ್ನೂ ಬಂದಿಲ್ಲ. 2012ರಲ್ಲಿ, ಸಾರ್ಮ್1 ಎಂಬ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕತ್ತರಿಸಿದ ತಂತುಗಳು ವಾರಗಟ್ಟಲೆ ಉಳಿದದ್ದು ಕಂಡುಬಂತು. ಅದು ಆಸೆ ಹುಟ್ಟಿಸುತ್ತದೆ, ಆದರೆ ಇವತ್ತಿನ ರೋಗಿಗೆ ಒದಗುವುದಿಲ್ಲ. ಸತ್ತ ತಂತು ವ್ಯಾಯಾಮದಿಂದಲೂ ಮರಳುವುದಿಲ್ಲ. ಉಳಿದ ತಂತುಗಳನ್ನು ಪಳಗಿಸಿಕೊಳ್ಳಬಹುದು, ಅಷ್ಟೇ. ಆದ್ದರಿಂದ ಸ್ಕ್ಯಾನ್‌ನಲ್ಲಿ ಬದಲಾವಣೆ ಕಾಣಲಿ ಎಂದು ಫಿಸಿಯೊಥೆರಪಿಯನ್ನು ಮುಂದೂಡಬಾರದು. ವೈದ್ಯರು ಹೇಳಿದ ದಿನವೇ ಶುರುಮಾಡಬೇಕು.

ತಡೆಯಲು ಸಾಧ್ಯವಿರುವುದು ಮೊದಲ ಪೆಟ್ಟನ್ನು. ದೊಡ್ಡ ರಕ್ತನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ನಿಮಿಷಕ್ಕೆ 19 ಲಕ್ಷ ನರಕೋಶಗಳು, 12 ಕಿಲೋಮೀಟರ್ ನರತಂತು ನಾಶವಾಗುತ್ತವೆ ಎಂದು 2006ರ ಒಂದು ಲೆಕ್ಕಾಚಾರ ಹೇಳುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕಿಕೊಂಡು ಊರೂರು ಅಲೆಯಬೇಡಿ. ಲಕ್ಷಣ ಶುರುವಾದ ಗಂಟೆಯನ್ನು ನೆನಪಿಟ್ಟುಕೊಂಡು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.