ಅಲಾರಂ ಕೂಗದಿದ್ದರೆ ಎಲ್ಲ ಸರಿಯಿದೆಯೇ?

2003ರ ಆಗಸ್ಟ್ 14. ಅಮೆರಿಕದ ಒಹಾಯೊದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ತಂತ್ರಾಂಶ ಸದ್ದಿಲ್ಲದೆ ಕೆಟ್ಟಿತು. ಕಾರಣ, ಕೋಡ್‌ನಲ್ಲಿ ಅಡಗಿದ್ದ ಒಂದು ಬಗ್. ಬ್ಯಾಕಪ್ ಸರ್ವರ್ ಕೂಡ ಕೈಕೊಟ್ಟಿತು. ಮರಗಳಿಗೆ ತಾಗಿ ಲೈನ್‌ಗಳು ಟ್ರಿಪ್ ಆಗುತ್ತಿದ್ದರೂ ಸಿಬ್ಬಂದಿಗೆ ಗೊತ್ತಾಗಲಿಲ್ಲ. ಸಂಜೆಗೆ ಅಮೆರಿಕ, ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ.

ನಮಗೇಕೆ ಈ ಚಿಂತೆ? 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದಾಗ ದಕ್ಷಿಣ ಭಾರತ ಪಾರಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ನಮ್ಮನ್ನೂ ದೇಶದ ಗ್ರಿಡ್‌ಗೆ ಬೆಸೆಯಿತು. ಕೊರತೆಯಾದಾಗ ಬೇರೆಡೆಯಿಂದ ವಿದ್ಯುತ್ ತರಬಹುದು, ನಿಜ. ಆದರೆ ಅಲ್ಲಿನ ಎಡವಟ್ಟೂ ಇಲ್ಲಿಗೆ ಬರಬಹುದು.

ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದರೆ ಸಾಕೆನ್ನುವ ನಾವೇ ನಾಳೆ ಇಂಥ ಕೋಡ್ ಬರೆಯುವವರು. ಅಲಾರಂ ಕೆಟ್ಟರೆ ಅದನ್ನು ಹೇಳುವವರು ಯಾರು? ಈ ಪ್ರಶ್ನೆ ಈಗಲೇ ಕೇಳೋಣ.