ಕೊಣ್ಣೂರಿನ ಗೆರೆಗಾರ

ದೇವರ ಮನೆಯ ಬಾಗಿಲಿಗೆ ಲಕ್ಷ್ಮಿಯ ಮುಖ ಬೇಕೆಂದು ಗಿರಾಕಿ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾರೆ. ಅದನ್ನು ಹಾಗೇ ಯಂತ್ರಕ್ಕೆ ಕೊಟ್ಟರೆ ದೇವಿಯ ಹಣೆ ತೂತಾಗುತ್ತದೆ. ಉಬ್ಬುಕೆತ್ತನೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೊರೆಯುವ ಸಿಎನ್‌ಸಿ ರೌಟರಿಗೆ ಬಿಳಿ ಎಂದರೆ ಎತ್ತರ, ಕಪ್ಪು ಎಂದರೆ ಆಳ. ಕುಂಕುಮ ಗುಂಡಿಯಾಗುತ್ತದೆ, ಮೂಗುತಿಯ ಹೊಳಪು ಮೊಳೆಯಂತೆ ಏಳುತ್ತದೆ.

"ಮಷೀನಿಗಿ ಕಣ್ಣಿಲ್ರೀ. ನೆರಳಿಗೂ ತಗ್ಗಿಗೂ ಅದಕ್ಕ ಫರಕ್ ಗೊತ್ತಾಗೂದಿಲ್ಲ" ಎನ್ನುತ್ತಾರೆ ಗೋಕಾಕ ಬಳಿಯ ಕೊಣ್ಣೂರಿನಲ್ಲಿ ಇಂಥ ಯಂತ್ರಕ್ಕೆ ಚಿತ್ರ ಸಿದ್ಧಪಡಿಸುವ ಹಿರಿಯರೊಬ್ಬರು. ಹಿಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಈಗ ಮೌಸ್ ಹಿಡಿದು ಫೋಟೊದ ಬೆಳಕನ್ನೆಲ್ಲ ಅಳಿಸಿ, ಹಣೆ, ಕೆನ್ನೆ, ಗಲ್ಲಕ್ಕೆ ಬೂದುಬಣ್ಣವನ್ನು ಹೊಸದಾಗಿ ಬಳಿಯುತ್ತಾರೆ. ಒಂದು ಕೆನ್ನೆ ದುಂಡಗಾಗಲು ಅರ್ಧ ದಿನ ಹಿಡಿದದ್ದೂ ಉಂಟು. ಪರದೆಯ ಮೇಲೆ ಆ ಮುಖ ಮಂಜು ಕವಿದಂತೆ ಕಾಣುತ್ತದೆ. ಸಾಗವಾನಿಯಲ್ಲಿ ಮೂಡಿದಾಗಲೇ ಅದರ ಚೆಲುವು ತಿಳಿಯುವುದು.

ಹೀಗೆ ಅಂಕಿಗಳ ಆಜ್ಞೆಯಂತೆ ಕೊರೆಯುವ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ತೋರಿಸಿತು. ಘಟಪ್ರಭೆಯ ನೀರಿನ ಬಲದಿಂದ 1887ರಲ್ಲೇ ಹತ್ತಿ ಗಿರಣಿ ತಿರುಗಿದ ಈ ಸೀಮೆಗೆ ಯಂತ್ರ ಹೊಸದಲ್ಲ. ಕಟ್ಟಿಗೆಯ ಕಲೆಯೂ ಹೊಸದಲ್ಲ; ಪಕ್ಕದ ಗೋಕಾಕದಲ್ಲಿ ಹಗುರ ಕಟ್ಟಿಗೆಯ ಹಣ್ಣು, ಕಾಯಿಪಲ್ಲೆ ಮಾಡಿ ಬಣ್ಣ ಹಚ್ಚುವ ಗೊಂಬೆ ಕಲೆ ಇದೆ.

ಹಲಗೆಯಲ್ಲಿ ಆರಪಾರ ಕಂಡಿಗಳ ಜಾಳಿ ಕತ್ತರಿಸುವ ಕೆಲಸಕ್ಕೆ ಬೂದುಬಣ್ಣ ಬೇಡ, ಗೆರೆ ಬೇಕು. ಕಂಪ್ಯೂಟರೇ ಎಳೆದ ಗೆರೆಯಲ್ಲಿ ನೂರಾರು ಬೇಡದ ಚುಕ್ಕಿಗಳಿರುತ್ತವೆ. ಯಂತ್ರದ ಕೊರೆಯುವ ಅಲಗು, ಅಂದರೆ ‘ಬಿಟ್’, ತಡವರಿಸುತ್ತ ಸಾಗಿ ಅಂಚು ಗರಗಸದ ಹಲ್ಲಾಗುತ್ತದೆ. ಗೆರೆಯ ಎರಡು ತುದಿ ಕೂಡಿರಬೇಕು, ಒಂದರ ಮೇಲೊಂದು ಗೆರೆ ಕೂತಿರಬಾರದು. 6 ಮಿ.ಮೀ. ದಪ್ಪದ ಬಿಟ್ ಅದಕ್ಕಿಂತ ಕಿರಿದಾದ ಸಂದಿಗೆ ಇಳಿಯದು, ಒಳಮೂಲೆಯನ್ನೂ ದುಂಡಗೆ ಬಿಡುತ್ತದೆ. ಕನ್ನಡ ಅಕ್ಷರಗಳಂತೂ ಈ ಹಿರಿಯರಿಗೆ ಅಕ್ಕರೆಯ ಕೆಲಸ. ಹಲಗೆಯಲ್ಲಿ ‘ಠ’ ಆರಪಾರ ಕೊರೆದರೆ ಚುಕ್ಕಿಯ ಸುತ್ತಲಿನ ನಡುಭಾಗ ಕಳಚಿ ಬೀಳುತ್ತದೆ. ಅಕ್ಷರದ ಅಂದ ಕೆಡದಂತೆ ಅದಕ್ಕೊಂದು ಸಣ್ಣ ಕೊಂಡಿ ಉಳಿಸಬೇಕು. ಬೋರ್ಡು ಬರೆದ ಕೈಗೆ ಆ ಜಾಗ ತಟ್ಟನೆ ಹೊಳೆಯುತ್ತದೆ.

ಇಷ್ಟಾದರೂ ಬಿಲ್ಲಿನಲ್ಲಿ ಇರುವುದು ಯಂತ್ರ ಓಡಿದ ತಾಸಿನ ಲೆಕ್ಕ ಮಾತ್ರ. ಗೆರೆಗೆ ಬೇರೆ ಮಜೂರಿ ಕೇಳಿದರೆ ಗಿರಾಕಿಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುವ ನವಿಲನ್ನು ತೋರಿಸುತ್ತಾರೆ. ಅದೇ ನವಿಲು ಈಗ ಊರೂರಿನ ಬಾಗಿಲಲ್ಲಿ ಕೂತಿದೆ. ಅದರ ಬದಲು ಈ ಭಾಗದ ಹಳೆಯ ವಾಡೆಗಳ ಚೌಕಟ್ಟಿನಲ್ಲಿ ಬಡಿಗರು ಕೆತ್ತಿದ ಬಳ್ಳಿಗಳು, ಗಿಳಿಗಳು ಗೆದ್ದಲಿಗೆ ಸಿಗುವ ಮೊದಲು ಕಂಪ್ಯೂಟರಿನ ಫೈಲಾಗಬೇಕು. ಅಂಥ ಕೆಲವನ್ನು ಈ ಹಿರಿಯರು ತಾವಾಗಿಯೇ ಗೆರೆಗಿಳಿಸಿ ಇಟ್ಟಿದ್ದಾರೆ.

"ಯಾರರ ಕೇಳಿದ್ರ ಕೊಡ್ತೀನ್ರೀ" ಎಂದರು. ಈವರೆಗೆ ಯಾರೂ ಕೇಳಿಲ್ಲ.